ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಇದೆಯೇ?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ನಮ್ಮ ನಾಲ್ಕು ಹಳ್ಳಿಗೆ ಬಹುಗ್ರಾಮ ಯೋಜನೆಯಿಂದ ನದಿ ನೀರು ಬರುತ್ತದೆ. ಎರಡು ದಿನಕ್ಕೊಮ್ಮೆ, ಒಂದು ಗಂಟೆ ಅಷ್ಟೇ. ಹೋದ ಮಳೆಗಾಲದಲ್ಲಿ ಒಂದೇ ಓಣಿಯ ಹತ್ತು ಹದಿನೈದು ಜನಕ್ಕೆ ವಾಂತಿಭೇದಿ ಆಯಿತು. ಲ್ಯಾಬ್‌ಗೆ ನೀರು ಕಳಿಸಿದರೆ 'ಕುಡಿಯಲು ಯೋಗ್ಯ' ಎಂದು ವರದಿ ಬಂತು. ಘಟಕದಿಂದ ನೀರು ಶುದ್ಧವಾಗಿಯೇ ಬರುತ್ತಿದೆ ಎಂದು ಇಂಜಿನಿಯರ್ ಹೇಳುತ್ತಾರೆ. ಬ್ಲೀಚಿಂಗ್ ತಪ್ಪದೆ ಹಾಕುತ್ತಿದ್ದೇನೆ ಎಂದು ವಾಟರ್‌ಮನ್ ಹೇಳುತ್ತಾರೆ. ಊರವರು ಇನ್ನೊಂದು ಆರ್‌ಒ ಘಟಕ ಹಾಕಿಸಿ ಎನ್ನುತ್ತಾರೆ. ಯಾರ ಮಾತು ನಂಬಲಿ? ತಾಲ್ಲೂಕು, ಜಿಲ್ಲೆಯವರಿಂದ ನಾವು ಏನು ಸಹಾಯ ಕೇಳಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂವರೂ ನಿಜವನ್ನೇ ಹೇಳುತ್ತಿರಬಹುದು. ನೀರು ಘಟಕದಿಂದ ಶುದ್ಧವಾಗಿಯೇ ಹೊರಟಿರಬಹುದು. ವಾಟರ್‌ಮನ್ ಬ್ಲೀಚಿಂಗ್ ಹಾಕಿಯೇ ಇರಬಹುದು. ಲ್ಯಾಬ್‌ನವರು ತಮ್ಮ ಕೈಗೆ ಬಂದ ಬಾಟಲಿಯನ್ನು ಸರಿಯಾಗಿಯೇ ಪರೀಕ್ಷೆ ಮಾಡಿರಬಹುದು. ಆದರೂ ಆ ಓಣಿಯ ಜನ ಕಾಯಿಲೆ ಬಿದ್ದರು. ನೀರು ಬಂದ ಆ ಒಂದು ಗಂಟೆಯಲ್ಲಿ ಆ ಓಣಿಯ ನಲ್ಲಿಯ ಹತ್ತಿರ ನಿಂತು ನೋಡಿದವರು ಇವರಲ್ಲಿ ಯಾರೂ ಇಲ್ಲ.

ಕುಡಿಯುವ ನೀರಿನ ಕೆಲಸದಲ್ಲಿ ನನ್ನ ಆಯುಷ್ಯದ ದೊಡ್ಡ ಭಾಗ ಕಳೆದಿದೆ. ಅದರ ಮೇಲೆ ಹೇಳುತ್ತೇನೆ, ಹೊಸ ಯಂತ್ರದ ಮಾತು ಸದ್ಯಕ್ಕೆ ಬಿಡಿ. ನೀರು ಬಿಡುವ ಪ್ರತಿ ದಿನ ಮೂರು ಜಾಗದಲ್ಲಿ ಕ್ಲೋರಿನ್ ನೋಡಿಸಿ, ಮೂರು ಅಂಕಿ ಬರೆಸಿ. ಮೊದಲನೆಯದು, ಯೋಜನೆಯ ನೀರು ನಿಮ್ಮ ಊರಿನ ಟ್ಯಾಂಕ್‌ಗೆ ಬೀಳುವ ಜಾಗ. ಎರಡನೆಯದು, ಟ್ಯಾಂಕ್‌ನಿಂದ ಹೊರಟ ಮೇಲೆ ಸಿಗುವ ಮೊದಲ ನಲ್ಲಿ. ಮೂರನೆಯದು, ಲೈನಿನ ಕೊನೆಯ ನಲ್ಲಿ. ನಿಮ್ಮೂರಲ್ಲಿ ಅದು ಬಹುಶಃ ಕಾಯಿಲೆ ಬಿದ್ದ ಓಣಿಯೇ ಇರಬೇಕು.

ಯಾರ ಮಾತು ನಂಬಬೇಕು ಎಂಬುದನ್ನು ಈ ಮೂರು ಅಂಕಿಯೇ ಹೇಳುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ, ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್, ಅಂದರೆ ರೋಗಾಣು ಕೊಂದ ಮೇಲೂ ನೀರಿನಲ್ಲಿ ಉಳಿದ ಕ್ಲೋರಿನ್, ಇರಬೇಕು. ಮೊದಲ ಜಾಗದಲ್ಲೇ ಅದು ಸೊನ್ನೆಯಾದರೆ ತೊಂದರೆ ಯೋಜನೆಯ ಕಡೆಯದು. ತಕ್ಷಣ ಅಲ್ಲಿಗೆ ಫೋನ್ ಮಾಡಿ. ಮೊದಲ ಜಾಗದಲ್ಲಿ ಇದ್ದು ಎರಡನೆಯದರಲ್ಲಿ ಇಲ್ಲದಿದ್ದರೆ ನಿಮ್ಮ ಟ್ಯಾಂಕ್ ಹತ್ತಿ ನೋಡಿಸಿ. ತಳದಲ್ಲಿ ಕೆಸರು ಕೂತಿರುತ್ತದೆ, ಇಲ್ಲವೇ ಮುಚ್ಚಳ ಹೋಗಿ ಪಾರಿವಾಳ ಗೂಡು ಕಟ್ಟಿರುತ್ತದೆ. ಎರಡೂ ಕಡೆ ಇದ್ದು ಕೊನೆಯ ನಲ್ಲಿಯಲ್ಲಿ ಮಾತ್ರ ಸೊನ್ನೆಯಾದರೆ, ನಡುವೆ ಏನೋ ಕ್ಲೋರಿನ್ ತಿಂದು ಹಾಕಿದೆ. ಅಲ್ಲಿ ಪೈಪಿನೊಳಗೆ ಹೊಲಸು ಸೇರುತ್ತಿದೆ ಎಂದೇ ತಿಳಿದು ಹುಡುಕಿ. ಮೂರೂ ಕಡೆ ಸರಿಯಿದ್ದೂ ಕಾಯಿಲೆ ಬಂದರೆ ಆಗ ಮನೆಯ ಸಂಪು, ಕೊಡ, ಬ್ಯಾರಲ್ ಕಡೆ ನೋಡಬೇಕು. ಊರವರು ಬೇರೆ ಯಾವ ಬೋರ್‌ವೆಲ್ ನೀರು ಕುಡಿಯುತ್ತಿದ್ದಾರೆ ಎಂದೂ ಕೇಳಬೇಕು.

ಇದನ್ನು ನೋಡಲು ಲ್ಯಾಬ್ ಬೇಡ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದವರ ಹತ್ತಿರ ಕ್ಲೋರೋಸ್ಕೋಪ್ ಎಂಬ ಸಣ್ಣ ಡಬ್ಬಿ ಇರುತ್ತದೆ. ನೀರಿಗೆ ನಾಲ್ಕು ಹನಿ ಹಾಕಿದರೆ ಹಳದಿ ಆಗುತ್ತದೆ. ಪಕ್ಕದ ಬಣ್ಣಕ್ಕೆ ಹೋಲಿಸಿ ಅಂಕಿ ಓದಬೇಕು. ಗುಲಾಬಿ ಬಣ್ಣ ಬರುವ ಡಿಪಿಡಿ ಮಾತ್ರೆಯ ಕಿಟ್ ಸಿಕ್ಕರೆ ಇನ್ನೂ ಒಳ್ಳೆಯದು, ಅದರ ಲೆಕ್ಕ ಜಾಸ್ತಿ ನಿಖರ. ಎರಡರಲ್ಲೂ ಪರೀಕ್ಷೆ ಮಾಡಿದ ನೀರನ್ನು ಚೆಲ್ಲಿಬಿಡಿ. ಆ ಹನಿ ವಿಷ, ಮಕ್ಕಳ ಕೈಗೆ ಸಿಗಬಾರದು.

ಈಗ ನಿಮ್ಮ ಲ್ಯಾಬ್ ವರದಿಯ ವಿಷಯ. ಜಲಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕು. ನಿಮ್ಮ ನಾಲ್ಕು ಹಳ್ಳಿ ಸೇರಿ ಆರು ಸಾವಿರ ಜನ ಎಂದುಕೊಂಡರೆ ದಿನಕ್ಕೆ 3 ಲಕ್ಷ 30 ಸಾವಿರ ಲೀಟರ್. ಸೂಕ್ಷ್ಮಾಣು ಪರೀಕ್ಷೆಗೆ ಲ್ಯಾಬ್‌ನವರು ನೋಡುವುದು ಅದರಲ್ಲಿ 100 ಮಿಲಿಲೀಟರ್. ಅದೂ ವರ್ಷಕ್ಕೆ ಎರಡು ಸಲ. ಆ ವರದಿ ಸುಳ್ಳಲ್ಲ. ಆ ದಿನ, ಆ ಜಾಗದ, ಒಂದು ಲೋಟದಷ್ಟು ನೀರಿನ ವಿಷಯ ಮಾತ್ರ ಅದು. ಫಲಿತಾಂಶ ಬರುವ ಹೊತ್ತಿಗೆ ಆ ನೀರನ್ನು ಊರವರು ಕುಡಿದು ಮುಗಿಸಿರುತ್ತಾರೆ.

ಬಾಟಲಿ ತುಂಬಿದ ಬಗೆಯೂ ಮುಖ್ಯ. ಹಿಂದೊಮ್ಮೆ ಒಂದು ಊರಿನಿಂದ ಬಂದ ಮಾದರಿಗಳನ್ನು ನೋಡಿ ನನಗೆ ಬಹಳ ಸಂಕಟವಾಗಿತ್ತು. ಕುಡಿದು ಬಿಸಾಕಿದ ಮಿನರಲ್ ವಾಟರ್ ಬಾಟಲಿ, ಅದರಲ್ಲಿ ಪಂಪ್‌ಹೌಸ್ ನಲ್ಲಿಯ ನೀರು, ಮೂರು ದಿನ ಬ್ಯಾಗಿನಲ್ಲೇ ಇಟ್ಟು ತಂದಿದ್ದರು. ಕಾಯಿಲೆ ಬಂದದ್ದು ಊರಿನ ಇನ್ನೊಂದು ತುದಿಯಲ್ಲಿ. ತಂದ ಹುಡುಗನ ತಪ್ಪೂ ಅಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸೂಕ್ಷ್ಮಾಣು ಪರೀಕ್ಷೆಗೆ ಲ್ಯಾಬ್‌ನವರೇ ಕ್ರಿಮಿಶುದ್ಧ ಮಾಡಿ ಕೊಟ್ಟ ಬಾಟಲಿ ಬೇಕು. ಅದರೊಳಗೆ ಕ್ಲೋರಿನ್ ತಡೆಯುವ ಥಯೋಸಲ್ಫೇಟ್ ಹಾಕಿರುತ್ತಾರೆ, ಆದ್ದರಿಂದ ಅದನ್ನು ತೊಳೆಯಬಾರದು. ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಬೇಕು. ನಿಮ್ಮ ಮಾದರಿಯನ್ನು ಎಲ್ಲಿ, ಎಷ್ಟು ಹೊತ್ತಿಗೆ, ಯಾವುದರಲ್ಲಿ ತುಂಬಿದರು ಎಂದು ಒಮ್ಮೆ ಕೇಳಿ ನೋಡಿ.

ನನಗೆ ಜಾಸ್ತಿ ಅನುಮಾನ ಬರುವುದು ನೀವು ಬರೆದ ಇನ್ನೊಂದು ಮಾತಿನ ಮೇಲೆ. "ಎರಡು ದಿನಕ್ಕೊಮ್ಮೆ, ಒಂದು ಗಂಟೆ." ಉಳಿದ 47 ಗಂಟೆ ಆ ಪೈಪಿನಲ್ಲಿ ಏನಾಗುತ್ತದೆ ಗೊತ್ತಾ? ವಾಲ್ವ್ ಮುಚ್ಚಿದ ಕೂಡಲೇ ಎತ್ತರದ ನೀರು ತಗ್ಗಿನ ಮನೆಗಳ ಕಡೆ ಇಳಿಯುತ್ತದೆ. ಪೈಪು ಖಾಲಿಯಾಗುತ್ತಾ ಒಳಗೆ ಎಳೆತ ಶುರುವಾಗುತ್ತದೆ. ಸ್ಟ್ರಾ ಬಾಯಿಗಿಟ್ಟು ಎಳನೀರು ಎಳೆದ ಹಾಗೆ. ಪೈಪಿಗೆ ಎಲ್ಲಿ ಸಣ್ಣ ಬಿರುಕು ಇದೆಯೋ, ಎಲ್ಲಿ ಜಾಯಿಂಟ್ ಸಡಿಲವಾಗಿದೆಯೋ, ಅಲ್ಲಿಂದ ಸುತ್ತಲಿನ ನೀರು ಒಳಗೆ ಬರುತ್ತದೆ. ಸುತ್ತ ಇರುವುದು ಚರಂಡಿ ಆದರೆ ಚರಂಡಿ ನೀರೇ ಬರುತ್ತದೆ. ನೀರು ಬಿಟ್ಟಾಗ ಒತ್ತಡ ಒಳಗಿನಿಂದ ಹೊರಗೆ. ನಿಲ್ಲಿಸಿದಾಗ ಹೊರಗಿನಿಂದ ಒಳಗೆ. ಅದಕ್ಕೇ ಸೋರುವ ಪೈಪನ್ನು ಬರೀ ನೀರು ಪೋಲಾಗುವ ಲೆಕ್ಕದಲ್ಲಿ ನೋಡಬೇಡಿ. ಸೋರುವ ಜಾಗವೇ ಹೊಲಸು ಒಳಗೆ ಬರುವ ಬಾಗಿಲು.

ನಿಮ್ಮ ಕಡೆಯ ಊರುಗಳಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ನೀರಿನ ಒತ್ತಡ ಕಡಿಮೆ ಎಂದು ಮನೆ ಮುಂದೆ ಗುಂಡಿ ತೋಡಿ ನಲ್ಲಿಯನ್ನು ತಗ್ಗಿಗೆ ಇಳಿಸಿರುತ್ತಾರೆ. ನಳದ ತೆಗ್ಗು ಎನ್ನುತ್ತೀರಲ್ಲ, ಅದೇ. ಆ ತೆಗ್ಗಿನಲ್ಲಿ ಪಾತ್ರೆ ತೊಳೆದ ನೀರು, ಮಳೆ ನೀರು, ದನದ ಗಂಜಲ ಎಲ್ಲ ನಿಲ್ಲುತ್ತದೆ. ನಲ್ಲಿಗೆ ತಿರುಪು ಇರುವುದಿಲ್ಲ, ಬಾಯಿ ತೆರೆದೇ ಇರುತ್ತದೆ. ನೀರು ನಿಂತ ಗಳಿಗೆಯಲ್ಲಿ ಪೈಪು ಆ ತೆಗ್ಗಿನ ನೀರನ್ನು ಹೀರಿಕೊಳ್ಳುತ್ತದೆ. ಮಾರನೆಯ ಸಲ ನೀರು ಬಂದಾಗ ಅದು ಮುಂದಿನ ಮನೆಯ ಕೊಡಕ್ಕೆ ಬೀಳುತ್ತದೆ. ಯಾರಾದರೂ ಲೈನಿಗೆ ನೇರವಾಗಿ ಮೋಟಾರ್ ಹಚ್ಚಿದ್ದರೆ ಎಳೆತ ಇನ್ನೂ ಜಾಸ್ತಿ. ಒಂದು ಮನೆಯ ಮೋಟಾರ್‌ನಿಂದ ಹತ್ತು ಮನೆಯ ನೀರು ಕೆಡಬಹುದು. ಇದನ್ನು ಗ್ರಾಮಸಭೆಯಲ್ಲಿ ಜಗಳವಾಡದೆ, ಈ ಸ್ಟ್ರಾದ ಉದಾಹರಣೆ ಕೊಟ್ಟು ಹೇಳಿ. ಹೆಂಗಸರಿಗೆ ಬೇಗ ಅರ್ಥವಾಗುತ್ತದೆ. ನೀರು ಹಿಡಿಯುವವರು ಅವರೇ ಅಲ್ವಾ.

ಇದು ನನ್ನ ಊಹೆ ಅಲ್ಲ. ನಿಮಗೆ ದೂರವಲ್ಲದ ಹುಬ್ಬಳ್ಳಿ-ಧಾರವಾಡದಲ್ಲೇ ಇದನ್ನು ಅಳೆದು ನೋಡಿದ್ದಾರೆ. ಅಲ್ಲಿ 2008ರ ಹೊತ್ತಿಗೆ ಕೆಲವು ವಾರ್ಡ್‌ಗಳಿಗೆ ಹೊಸ ಪೈಪು ಹಾಕಿ ದಿನದ 24 ಗಂಟೆ ನೀರು ಕೊಡಲು ಶುರು ಮಾಡಿದರು. ಉಳಿದ ವಾರ್ಡ್‌ಗಳಿಗೆ ಮೊದಲಿನ ಹಾಗೆ ಕೆಲವು ದಿನಕ್ಕೊಮ್ಮೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಕ್ಯಾಂಪಸ್‌ನ ಸಂಶೋಧಕರು ಎರಡೂ ಕಡೆಯ ನಲ್ಲಿ ನೀರನ್ನು ಒಂದು ವರ್ಷ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಸುಮಾರು ಮೂರರಲ್ಲಿ ಒಂದು ಮಾದರಿಯಲ್ಲಿ ಇ. ಕೋಲಿ ಸಿಕ್ಕಿತು. ಇ. ಕೋಲಿ ಎಂದರೆ ಮಲದ ಗುರುತು. ಸದಾ ಬರುವ ನೀರಿನಲ್ಲಿ ಅದು ನೂರಕ್ಕೆ ಒಂದಕ್ಕಿಂತ ಕಡಿಮೆ. ಶುದ್ಧೀಕರಿಸಿದ ನೀರು ಎರಡೂ ಕಡೆಗೆ ಒಂದೇ. ಬೇರೆಯಾಗಿದ್ದದ್ದು ಪೈಪು, ಮತ್ತು ಅದರೊಳಗಿನ ಒತ್ತಡ. ನೀರು ಬಿಟ್ಟ ಮೊದಲ ಕೆಲವು ನಿಮಿಷದ ನೀರೇ ಜಾಸ್ತಿ ಕೆಟ್ಟಿರುತ್ತದೆ ಎಂದೂ ಅಲ್ಲಿಯ ಅಧ್ಯಯನದಲ್ಲಿ ಕಂಡಿತು.

ನಿಮ್ಮ ಹಳ್ಳಿಗೆ ನಾಳೆಯೇ 24 ಗಂಟೆ ನೀರು ಬರುವುದಿಲ್ಲ, ಗೊತ್ತು. ಆದರೆ ಇದರಿಂದ ಇವತ್ತೇ ಮಾಡಬಹುದಾದದ್ದು ಇದೆ. ಮೊದಲ ಐದು ಹತ್ತು ನಿಮಿಷದ ನೀರನ್ನು ಕುಡಿಯುವ ಕೊಡಕ್ಕೆ ಹಿಡಿಯಬೇಡಿ, ಬಟ್ಟೆಗೆ ಪಾತ್ರೆಗೆ ಬಳಸಿ ಎಂದು ಓಣಿ ಓಣಿಗೆ ಹೇಳಿ. ತೆಗ್ಗು ಮುಚ್ಚಿಸಿ ನಲ್ಲಿಯನ್ನು ನೆಲದಿಂದ ಮೇಲೆ ತನ್ನಿ. ಪ್ರತಿ ನಲ್ಲಿಗೂ ತಿರುಪು ಹಾಕಿಸಿ. ಚರಂಡಿಯೊಳಗೆ ಹಾದುಹೋಗುವ ಪಿವಿಸಿ ಪೈಪುಗಳನ್ನು ಒಂದೊಂದಾಗಿ ಮೇಲೆತ್ತಿಸಿ. ಕಾಯಿಲೆ ಬಂದ ಓಣಿಯಿಂದಲೇ ಶುರು ಮಾಡಿ. ಇಡೀ ಊರಿನ ಪೈಪು ಬದಲಿಸಲು ದುಡ್ಡು ಬರುವವರೆಗೆ ಕಾಯಬೇಡಿ.

ಇನ್ನು ಬ್ಲೀಚಿಂಗ್. ಹಾಕುತ್ತಿದ್ದೇನೆ ಎಂದರೆ ಎಷ್ಟು, ಹೇಗೆ, ಯಾವ ಪೌಡರ್ ಎಂದು ಕೇಳಬೇಕು. ಗದರಿಸಿ ಅಲ್ಲ, ಜೊತೆಗೆ ಕೂತು. ಒಂದು ಲೆಕ್ಕ ಹೇಳುತ್ತೇನೆ. ನಿಮ್ಮ ಟ್ಯಾಂಕ್ 50,000 ಲೀಟರ್‌ದು ಎಂದುಕೊಳ್ಳಿ. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಕೊಡಬೇಕು ಎಂದರೆ ಒಟ್ಟು 100 ಗ್ರಾಂ ಕ್ಲೋರಿನ್ ಬೇಕು. ಬ್ಲೀಚಿಂಗ್ ಪೌಡರ್‌ನಲ್ಲಿ ಎಲ್ಲವೂ ಕ್ಲೋರಿನ್ ಅಲ್ಲ. ಹೊಸದಾಗಿದ್ದರೆ ಸುಮಾರು ಮೂರನೆಯ ಒಂದು ಭಾಗ. ಸ್ವಲ್ಪ ದಿನ ಕಳೆದರೆ ನಾಲ್ಕನೆಯ ಒಂದು ಭಾಗ. ಆಗ 400 ಗ್ರಾಂ ಪೌಡರ್ ಬೇಕು. ಅದೇ ಮೂಟೆ ಬಾಯಿ ತೆರೆದು, ಒದ್ದೆ ನೆಲದ ಮೇಲೆ, ಮಳೆಗಾಲ ಪೂರ್ತಿ ಬಿದ್ದಿದ್ದರೆ ನೂರಕ್ಕೆ ಹದಿನೈದೂ ಉಳಿದಿರುವುದಿಲ್ಲ. ಆಗ ಅದೇ 400 ಗ್ರಾಂ ಹಾಕಿದರೂ ಬೇಕಾದ 100 ಗ್ರಾಂ ಕ್ಲೋರಿನ್‌ನಲ್ಲಿ 60 ಗ್ರಾಂ ಸಿಗುವುದೂ ಕಷ್ಟ. ವಾಟರ್‌ಮನ್ ಅಳತೆ ತಪ್ಪಿಲ್ಲ, ಪೌಡರ್ ಸತ್ತಿದೆ. ಇದಕ್ಕೇ ನಾನು ಪದೇ ಪದೇ ಕೊನೆಯ ನಲ್ಲಿ ಎನ್ನುವುದು. ಹಾಕಿದ ಲೆಕ್ಕ ಎಷ್ಟೇ ಇರಲಿ, ಅಲ್ಲಿ 0.2 ಸಿಗಬೇಕು. ಸಿಗದಿದ್ದರೆ ಹೆಚ್ಚಿಸಬೇಕು, ಇಲ್ಲವೇ ಹೊಸ ಮೂಟೆ ತರಿಸಬೇಕು.

ಹಾಕುವ ಕ್ರಮವೂ ಇದೆ. ಪೌಡರನ್ನು ನೇರವಾಗಿ ಟ್ಯಾಂಕ್‌ಗೆ ಸುರಿಯಬಾರದು. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಹಾಕಬೇಕು. ಟ್ಯಾಂಕ್ ತುಂಬುತ್ತಿರುವಾಗಲೇ ಹಾಕಿದರೆ ಚೆನ್ನಾಗಿ ಬೆರೆಯುತ್ತದೆ. ಆಮೇಲೆ ಅರ್ಧ ಗಂಟೆ ಬಿಡಬೇಕು. ರೋಗಾಣು ಸಾಯಲು ಆ ಹೊತ್ತು ಬೇಕು. ನೀರು ಬಿಡುವ ಅವಸರದಲ್ಲಿ ತಪ್ಪಿಹೋಗುವುದು ಈ ಅರ್ಧ ಗಂಟೆಯೇ. ಕಲಸುವವರಿಗೆ ಕೈಗವಸು, ಮಾಸ್ಕ್ ಕೊಡಿಸಿ. ಟ್ಯಾಂಕ್‌ನ ಏಣಿ ಗಟ್ಟಿ ಇದೆಯೇ ನೋಡಿಸಿ. ತುಕ್ಕು ಹಿಡಿದ ಏಣಿ ಹತ್ತಿ ಐವತ್ತು ಅಡಿ ಮೇಲೆ ಬಕೆಟ್ ಒಯ್ಯುವ ಮನುಷ್ಯನಿಗೆ ಯಾಕೆ ಬ್ಲೀಚಿಂಗ್ ಹಾಕಲಿಲ್ಲ ಎಂದು ಕೇಳುವ ಮೊದಲು ನಾವು ಅವನ ಕಾಲಿನ ಕೆಳಗೆ ನೋಡಬೇಕು. ಕೆಳಗೇ ಕೂರಿಸುವ ಸಣ್ಣ ಡೋಸರ್, ಅಂದರೆ ಕ್ಲೋರಿನ್ ದ್ರಾವಣವನ್ನು ಅಳತೆಯಲ್ಲಿ ನೀರಿಗೆ ಬಿಡುವ ಯಂತ್ರ, ಹಾಕಿಸಿದರೆ ಈ ಹತ್ತುವ ಕೆಲಸವೇ ತಪ್ಪುತ್ತದೆ. ಹೊಸ ಯಂತ್ರದ ಮಾತು ಬಿಡಿ ಎಂದೆ, ಇದೊಂದನ್ನು ಮಾತ್ರ ನಾನು ಒಪ್ಪುತ್ತೇನೆ.

ಒಂದು ಊರಿನ ವಾಟರ್‌ಮನ್ ನನ್ನ ಹತ್ತಿರ ಕಣ್ಣೀರು ಹಾಕಿದ್ದರು. ಸರಿಯಾಗಿ ಬ್ಲೀಚಿಂಗ್ ಹಾಕಿದ ದಿನ ಊರವರು ವಾಸನೆ ಬರುತ್ತದೆ, ಚಹಾ ಕೆಡುತ್ತದೆ ಎಂದು ಬೈಯುತ್ತಿದ್ದರಂತೆ. ಹಾಕದ ದಿನ ಯಾರೂ ಮಾತಾಡುತ್ತಿರಲಿಲ್ಲ. ಆರು ತಿಂಗಳ ಸಂಬಳ ಬಾಕಿ ಬೇರೆ. ಕೊನೆಗೆ ಅವರು ಹಾಕುವುದನ್ನೇ ಬಿಟ್ಟರು, ಪುಸ್ತಕದಲ್ಲಿ ಮಾತ್ರ ಬರೆಯುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸಾವಿರಾರು ಜನರ ಪ್ರಾಣ ಒಬ್ಬರ ಕೈಯಲ್ಲಿದೆ. ಅವರಿಗೆ ನಾವು ಕೊಟ್ಟದ್ದು ಒಂದು ಮೂಟೆ ಮತ್ತು ಬೈಗುಳ. ನೀರಗಂಟಿ ಎಂದರೆ ಹಿಂದೆ ಊರಿನಲ್ಲಿ ಮರ್ಯಾದೆ ಇತ್ತು. ಕೆರೆಯ ತೂಬು ಅವನ ಕೈಯಲ್ಲಿರುತ್ತಿತ್ತು, ಸುಗ್ಗಿಯಲ್ಲಿ ಅವನ ಪಾಲು ತಪ್ಪದೆ ಹೋಗುತ್ತಿತ್ತು. ಆ ಮರ್ಯಾದೆಯನ್ನು ಇವರಿಗೂ ಕೊಡಬೇಕು. ಸಂಬಳ ತಿಂಗಳಿಗೆ ಸರಿಯಾಗಿ ಕೊಡಿಸುವುದು ನೀರಿನ ಸುರಕ್ಷತೆಯ ಕೆಲಸವೇ. ಗ್ರಾಮಸಭೆಯಲ್ಲಿ ನೀವೇ ಎದ್ದು ನಿಂತು, ಸ್ವಲ್ಪ ಬ್ಲೀಚಿಂಗ್ ವಾಸನೆ ಇದ್ದರೆ ನೀರು ಕಾಪಾಡಿಕೊಂಡಿದೆ ಎಂದರ್ಥ, ಕೊಡ ತುಂಬಿ ಒಂದೆರಡು ಗಂಟೆ ಬಿಟ್ಟರೆ ಕಡಿಮೆಯಾಗುತ್ತದೆ ಎಂದು ಹೇಳಿ. ಬೈಗುಳ ಅರ್ಧ ನಿಲ್ಲುತ್ತದೆ.

ಸುಳ್ಳು ಅಂಕಿ ಬರೆಯುವುದರಿಂದ ಏನಾಗುತ್ತದೆ ಎಂಬುದಕ್ಕೆ ಪ್ರಪಂಚ ಇವತ್ತಿಗೂ ನೆನೆಯುವ ಊರು ಕೆನಡಾದ ವಾಕರ್ಟನ್. ಒಂಟಾರಿಯೊ ಪ್ರಾಂತ್ಯದ ಸಣ್ಣ ಊರು, ಐದು ಸಾವಿರದಷ್ಟು ಜನ. ನಿಮ್ಮ ಪಂಚಾಯಿತಿಗಿಂತ ದೊಡ್ಡದಲ್ಲ. 2000ನೇ ಇಸವಿಯ ಮೇ ತಿಂಗಳಲ್ಲಿ ಅಲ್ಲಿ ಭಾರಿ ಮಳೆ ಬಂತು. ಹೊಲಕ್ಕೆ ಹಾಕಿದ್ದ ಸಗಣಿ ಗೊಬ್ಬರದ ರೋಗಾಣು, ಆಳವಿಲ್ಲದ ಒಂದು ಬಾವಿಗೆ ಇಳಿಯಿತು. ಕ್ಲೋರಿನ್ ಸಾಲುವಷ್ಟು ಹಾಕಿರಲಿಲ್ಲ. ಉಳಿಕೆ ಕ್ಲೋರಿನ್ ಎಷ್ಟಿದೆ ಎಂದು ದಿನವೂ ನೋಡಬೇಕಿದ್ದವರು ನೋಡದೆಯೇ ಅಂಕಿ ಬರೆಯುತ್ತಿದ್ದರು. ವರ್ಷಗಳಿಂದ ಹಾಗೇ ನಡೆದಿತ್ತು. ನೀರು ಕೆಟ್ಟಿದೆ ಎಂದು ಲ್ಯಾಬ್ ವರದಿ ಬಂದಾಗಲೂ ಆರೋಗ್ಯ ಇಲಾಖೆಗೆ ಹೇಳಲಿಲ್ಲ. ಏಳು ಜನ ಸತ್ತರು. 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು.

ಅದರ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಡೆನ್ನಿಸ್ ಓಕಾನರ್ ಬರೀ ಇಬ್ಬರು ನೌಕರರ ಮೇಲೆ ತಪ್ಪು ಹೊರಿಸಿ ಮುಗಿಸಲಿಲ್ಲ. ಆ ನೌಕರರಿಗೆ ಈ ರೋಗಾಣು ಎಷ್ಟು ಅಪಾಯ ಎಂದು ತಿಳಿಸುವ ತರಬೇತಿಯೇ ಆಗಿರಲಿಲ್ಲ ಎಂಬುದೂ, ಮೇಲಿನ ಇಲಾಖೆಯ ತಪಾಸಣೆ ಸಡಿಲವಾಗಿತ್ತು ಎಂಬುದೂ ಹೊರಬಂತು. ಆಮೇಲೆ ಆ ಪ್ರಾಂತ್ಯ 2002ರಲ್ಲಿ ಕುಡಿಯುವ ನೀರಿಗೆಂದೇ ಕಾನೂನು ತಂದಿತು. ನೀರು ಬಿಡುವ ಪ್ರತಿಯೊಬ್ಬರೂ ತರಬೇತಿ ಪಡೆದು ಪ್ರಮಾಣಪತ್ರ ತೆಗೆದುಕೊಳ್ಳಲೇಬೇಕಾಯಿತು. ಊರಿನ ಚುನಾಯಿತ ಸದಸ್ಯರ ಮೇಲೂ ಕಾನೂನಿನ ಹೊಣೆ ಬಂತು. ಸಣ್ಣ ಊರುಗಳ ನೀರಿನ ನೌಕರರಿಗೆ ಕಲಿಸಲು ಅದೇ ವಾಕರ್ಟನ್‌ನಲ್ಲಿ 2004ರಲ್ಲಿ ಒಂದು ತರಬೇತಿ ಕೇಂದ್ರ ಸ್ಥಾಪಿಸಿದರು.

ನಮ್ಮಲ್ಲೂ ಸಾವು ಆಗಿವೆ. 2022ರ ಮುಂಗಾರಿನ ಹೊತ್ತಿಗೆ ನಿಮ್ಮ ಪಕ್ಕದ ರಾಯಚೂರಿನಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದ ಜನ ವಾಂತಿಭೇದಿಯಿಂದ ತೀರಿಕೊಂಡರು. ಸಾವಾದ ಮೇಲೆ ಅಮಾನತು ಆಗುತ್ತದೆ, ಪರಿಹಾರ ಸಿಗುತ್ತದೆ. ಸಾವಿನ ಮೊದಲು ವಾಟರ್‌ಮನ್ ಜೊತೆ ನಿಂತು ಕಲಿಸುವವರು ಬೇಕು. ನೀವು ಜಿಲ್ಲೆಯವರಿಂದ ಏನು ಕೇಳಬೇಕು ಎಂದಿರಲ್ಲ, ನನ್ನ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ.

ಪ್ರತಿ ಪಂಚಾಯಿತಿಗೂ ಒಬ್ಬ ನೀರಿನ ತಜ್ಞರನ್ನು ನೇಮಿಸಲು ಆಗುವುದಿಲ್ಲ. ಆದರೆ ಇಪ್ಪತ್ತು ಪಂಚಾಯಿತಿಗೆ ಒಬ್ಬರು ಸಾಧ್ಯ. ಅಮೆರಿಕದ ಹಳ್ಳಿಗಳಲ್ಲಿ 1980ರಿಂದ ಇಂಥ ಪದ್ಧತಿ ಇದೆ. ಅನುಭವಿ ನೀರಿನ ನೌಕರರು ವಾಹನದಲ್ಲಿ ಕಿಟ್, ಸೋರಿಕೆ ಹುಡುಕುವ ಉಪಕರಣ ಇಟ್ಟುಕೊಂಡು ಊರೂರು ಸುತ್ತುತ್ತಾರೆ. ತಪ್ಪು ಹಿಡಿದು ದಂಡ ಹಾಕುವುದು ಅವರ ಕೆಲಸವಲ್ಲ, ಪಕ್ಕದಲ್ಲಿ ನಿಂತು ಸರಿಮಾಡಿ ತೋರಿಸುತ್ತಾರೆ. ನಮ್ಮಲ್ಲಿ ಹಿಂದೆ ಕೈಪಂಪು ರಿಪೇರಿಗೆ ತಾಲ್ಲೂಕಿನಿಂದ ಜೀಪ್ ಬರುತ್ತಿತ್ತಲ್ಲ, ಹಾಗೆಯೇ. ತಾಲ್ಲೂಕು ಪಂಚಾಯಿತಿ ಮತ್ತು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಗೆ ಬರೆಯುವಾಗ ಇಂಥ ಒಬ್ಬರನ್ನು ಕೇಳಿ. ತಿಂಗಳಿಗೊಮ್ಮೆಯಾದರೂ ಬಂದು ನಿಮ್ಮ ವಾಟರ್‌ಮನ್ ಜೊತೆ ಒಂದು ಬೆಳಿಗ್ಗೆ ಕಳೆಯಲಿ. ಸಭಾಂಗಣದಲ್ಲಿ ಕೂರಿಸಿ ಸ್ಲೈಡ್ ತೋರಿಸುವ ತರಬೇತಿಗಿಂತ ಅದು ಎಷ್ಟೋ ಮೇಲು.

ಜೊತೆಗೆ ಯೋಜನೆಯ ಘಟಕದಿಂದ ದಿನದ ಎರಡು ಅಂಕಿ ನಿಮ್ಮ ಪಿಡಿಒ ಅವರ ಫೋನ್‌ಗೆ ಬರುವ ಹಾಗೆ ಕೇಳಿ. ಹೊರಡುವ ನೀರಿನ ಕ್ಲೋರಿನ್ ಮತ್ತು ಅದರ ಕಲಕು, ಅಂದರೆ ನೀರು ಎಷ್ಟು ಕದಡಿದೆ ಎಂಬುದು. ಕಲಕು ಯಾಕೆ ಎಂದರೆ, ಮಣ್ಣಿನ ಕಣದ ಒಳಗೆ ರೋಗಾಣು ಅಡಗಿ ಕ್ಲೋರಿನ್‌ನಿಂದ ತಪ್ಪಿಸಿಕೊಳ್ಳುತ್ತದೆ. ಕೆಲವು ಪರಾವಲಂಬಿ ಜೀವಿಗಳಂತೂ ಕ್ಲೋರಿನ್‌ಗೆ ಸಾಯುವುದೇ ಇಲ್ಲ, ಮರಳಿನ ಫಿಲ್ಟರ್‌ನಲ್ಲೇ ನಿಲ್ಲಬೇಕು. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಒಂದು ಘಟಕದ ಫಿಲ್ಟರ್ ಸರಿಯಾಗಿ ಕೆಲಸ ಮಾಡದೆ ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದರು ಎಂದು ಅಂದಾಜಿದೆ. ನಮ್ಮ ಮಾನಕದಲ್ಲಿ ಕಲಕು 1 ಎನ್‌ಟಿಯು (ಕಲಕು ಅಳೆಯುವ ಮಾನ) ಒಳಗಿರಬೇಕು, ಬೇರೆ ನೀರೇ ಇಲ್ಲದಾಗ 5ರವರೆಗೆ ಒಪ್ಪುತ್ತಾರೆ. ಮಳೆಗಾಲದಲ್ಲಿ ನದಿ ಕೆಂಪಾದ ದಿನ ನಿಮಗೆ ಆ ಅಂಕಿ ಬೇಕೇ ಬೇಕು.

ಬ್ಲೀಚಿಂಗ್ ಖರೀದಿಯನ್ನೂ ಜಿಲ್ಲೆಯ ಮಟ್ಟದಲ್ಲಿ ಮಾಡಿ, ತಯಾರಾದ ದಿನಾಂಕ ನೋಡಿ, ಪ್ರತಿ ತಿಂಗಳು ಸಣ್ಣ ಪ್ಯಾಕೆಟ್‌ಗಳಲ್ಲಿ ಕಳಿಸಲು ಕೇಳಿ. ವರ್ಷದ ಮೂಟೆ ಒಮ್ಮೆಗೇ ಬೇಡ. ದುಡ್ಡಿನ ವಿಷಯಕ್ಕೆ ಬಂದರೆ, 15ನೇ ಹಣಕಾಸು ಆಯೋಗ ಪಂಚಾಯಿತಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ 60ನ್ನು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ನಿಮ್ಮ ಪಂಚಾಯಿತಿಯಲ್ಲಿ ಅದು ಯಾವುದಕ್ಕೆ ಹೋಯಿತು, ಇನ್ನೆಷ್ಟು ಉಳಿದಿದೆ ಎಂದು ಪುಸ್ತಕ ತೆಗೆಸಿ ನೋಡಿ. ಸದಸ್ಯೆಯಾಗಿ ನಿಮಗೆ ಆ ಹಕ್ಕಿದೆ. ಕ್ಲೋರಿನ್ ಕಿಟ್, ನಲ್ಲಿ ತಿರುಪು, ಟ್ಯಾಂಕ್ ಮುಚ್ಚಳ, ಇವೆಲ್ಲ ಸೇರಿದರೂ ಒಂದು ಆರ್‌ಒ ಘಟಕದ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ.

ಆರ್‌ಒ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಜಿಲ್ಲೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕಿಂತ ಬಹಳ ಜಾಸ್ತಿ ಇದ್ದರೆ ದೊಡ್ಡವರ ಮೂಳೆ ಬಿಗಿಯುತ್ತದೆ. ಅದಕ್ಕೆ ಕ್ಲೋರಿನ್ ಮದ್ದಲ್ಲ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ. ನೈಟ್ರೇಟ್ ಕೂಡ ಹಾಗೇ. ಬೋರ್‌ವೆಲ್ ನೀರೇ ಗತಿ ಇರುವ ಊರಿಗೆ ಆರ್‌ಒ ಬೇಕಾಗಬಹುದು. ನಿಮಗೆ ಬರುತ್ತಿರುವುದು ನದಿ ನೀರು, ನಿಮ್ಮ ತೊಂದರೆ ರೋಗಾಣುವಿನದು. ಆರ್‌ಒ ಘಟಕದಲ್ಲಿ ಕ್ಲೋರಿನ್ ಪೂರ್ತಿ ಹೋಗುತ್ತದೆ ಎಂಬುದನ್ನೂ ನೆನಪಿಡಿ. ಐದು ರೂಪಾಯಿ ನಾಣ್ಯ ಹಾಕಿ ತುಂಬಿಸಿದ ಕ್ಯಾನ್ ಕೊಳಕಾಗಿದ್ದರೆ, ಆ ನೀರನ್ನು ಕಾಯುವುದಕ್ಕೆ ಅದರಲ್ಲಿ ಏನೂ ಉಳಿದಿರುವುದಿಲ್ಲ. ಆ ಐದು ರೂಪಾಯಿಯೂ ಇಲ್ಲದ ಮನೆಯವರು ಹೇಗೂ ನಲ್ಲಿ ನೀರನ್ನೇ ಕುಡಿಯುತ್ತಾರೆ. ಕಾಯಿಲೆ ಮೊದಲು ಬರುವುದು ಅವರಿಗೇ. ನಲ್ಲಿ ನೀರನ್ನು ಸರಿಮಾಡಬೇಕು ಎಂದು ನಾನು ಹಟ ಹಿಡಿಯುವುದು ಅದಕ್ಕೆ.

ಮತ್ತೆ ಒಂದೇ ಓಣಿಯಲ್ಲಿ ಇಬ್ಬರು ಮೂವರಿಗೆ ಭೇದಿ ಶುರುವಾದರೆ ಲ್ಯಾಬ್ ವರದಿಗೆ ಕಾಯಬೇಡಿ. ಆಶಾ ಕಾರ್ಯಕರ್ತೆಗೆ ಮೊದಲೇ ಹೇಳಿಟ್ಟಿರಿ, ಎರಡನೇ ಮನೆಯ ಸುದ್ದಿ ಬಂದ ಕೂಡಲೇ ನಿಮಗೆ ಫೋನ್ ಬರಲಿ. ಆ ಓಣಿಯ ವಾಲ್ವ್ ಮುಚ್ಚಿಸಿ. ಟ್ಯಾಂಕರ್‌ನಲ್ಲಿ ನೀರು ಕೊಡಿ, ಟ್ಯಾಂಕರ್ ನೀರಿಗೂ ಕ್ಲೋರಿನ್ ನೋಡಿ. ನೀರನ್ನು ಕುದಿ ಬರುವ ತನಕ ಕಾಯಿಸಿ ಆರಿಸಿ ಕುಡಿಯಿರಿ ಎಂದು ಕಸದ ಗಾಡಿಯ ಮೈಕಿನಲ್ಲಿ ಕೂಗಿಸಿ. ಊರಿನ ಉಳಿದ ಕಡೆ ಕೊನೆಯ ನಲ್ಲಿಯಲ್ಲಿ 0.5 ಸಿಗುವವರೆಗೆ ಕ್ಲೋರಿನ್ ಏರಿಸಿ. ಒಆರ್‌ಎಸ್ ಪ್ಯಾಕೆಟ್ ಮನೆಮನೆಗೆ ತಲುಪಲಿ. ಆಮೇಲೆ ಗುದ್ದಲಿ ಹಿಡಿದು ಆ ಓಣಿಯ ಪೈಪು ಅಗೆಸಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಸಲ ಚರಂಡಿ ದಾಟುವ ಜಾಗದಲ್ಲೇ ಸಿಕ್ಕಿದೆ.

ಈ ವಾರ ನೀರು ಬಿಡುವ ದಿನ, ಬೆಳಿಗ್ಗೆ ವಾಟರ್‌ಮನ್ ಜೊತೆ ನೀವೇ ಹೋಗಿ. ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯಲ್ಲೂ ಐದು ಹೆಂಗಸರಿಗೆ ಕಿಟ್‌ನಲ್ಲಿ ನೀರು ಪರೀಕ್ಷೆ ಮಾಡಲು ಕಲಿಸಬೇಕು ಎಂದಿದೆ. ನಿಮ್ಮೂರಲ್ಲಿ ಅವರು ಯಾರು ಎಂದು ಕೇಳಿ, ಅವರನ್ನೂ ಕರೆದುಕೊಳ್ಳಿ. ಟ್ಯಾಂಕ್ ಹತ್ತಿರ ಒಂದು, ಮೊದಲ ನಲ್ಲಿಯಲ್ಲಿ ಒಂದು, ಆ ಓಣಿಯ ಕೊನೆಯ ಮನೆಯಲ್ಲಿ ಒಂದು. ಅಂಕಿ, ಸಮಯ, ನೀರು ಬಿಟ್ಟು ಎಷ್ಟು ನಿಮಿಷ ಆಗಿತ್ತು ಎಂಬುದು, ಹಿಂದಿನ ದಿನ ಮಳೆ ಬಂದಿತ್ತೇ ಎಂಬುದು, ಇಷ್ಟು ಬರೆಯಿರಿ. ಮೂರು ವಾರದ ಅಂಕಿ ಸೇರಿದ ಮೇಲೆ, ಪೈಪಿನ ಲೈನ್ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಕೈಯಲ್ಲೇ ಒಂದು ನಕ್ಷೆ ಬರೆದು ನನಗೆ ಕಳಿಸಿ. ಎಲ್ಲಿ ಮೊದಲು ಅಗೆಯಬೇಕು ಎಂದು ಇಬ್ಬರೂ ಸೇರಿ ನೋಡೋಣ.